ಪಾಸ್‌ಬುಕ್ ತೆಗೆದುಕೊಂಡು ಬಾ

ಬಳ್ಳಾರಿಯಲ್ಲಿ ಸಮಾಜಶಾಸ್ತ್ರ ಕಲಿಸಿ, ಹನ್ನೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡು, ಸೇವೆಯ ಕೊನೆಯ ಆರು ವರ್ಷ ವಿದ್ಯಾರ್ಥಿ ಕಲ್ಯಾಣ ವಿಭಾಗದ ಹೊಣೆ ಹೊತ್ತು ನಿವೃತ್ತರಾದ ನಮ್ಮ ಅಂಕಣಗಾರ್ತಿ ಈ ಸಲ ಮೂರು ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಳ್ಳಾರಿಯಲ್ಲಿ ಎಂ.ಎಸ್.ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಕುರುಗೋಡಿನ ಹತ್ತಿರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಾಸ್ಟೆಲಿನಲ್ಲಿ ಕಿರಿಯರ ವಿದ್ಯಾರ್ಥಿವೇತನದ ಅರ್ಜಿ, ಬಸ್ ಪಾಸು, ಜಗಳ ಎಲ್ಲವೂ ನನ್ನ ಹತ್ತಿರವೇ ಬರುತ್ತವೆ. ಆ ಕೆಲಸ ನನಗೂ ಇಷ್ಟ. ಅಮೆರಿಕದಲ್ಲಿ ‘ಸ್ಟೂಡೆಂಟ್ ಅಫೇರ್ಸ್’ ಎಂದೇ ಸ್ನಾತಕೋತ್ತರ ಪದವಿ ಇದೆಯಂತೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂಥ ಉದ್ಯೋಗ ಇದೆಯೇ? ಅದಕ್ಕೆ ಹೇಗೆ ತಯಾರಾಗಬೇಕು? ಮನೆಯವರು ಪೊಲೀಸ್ ಪರೀಕ್ಷೆ ಬರೆ ಎನ್ನುತ್ತಿದ್ದಾರೆ.

ಉತ್ತರ: ಪೊಲೀಸ್ ಪರೀಕ್ಷೆಗೂ ಅರ್ಜಿ ಹಾಕಿಬಿಡಿ ತಮ್ಮಾ. ಮನೆಯವರ ಬಾಯಿ ಆರು ತಿಂಗಳು ಮುಚ್ಚುತ್ತದೆ, ಆ ಆರು ತಿಂಗಳು ನಿಮಗೆ ಬೇಕು.

ಅಮೆರಿಕದ ಬಗ್ಗೆ ನೀವು ಕೇಳಿದ್ದು ನಿಜ. ಅಲ್ಲಿ ಇದಕ್ಕೆ ನೂರು ವರ್ಷದ ಚರಿತ್ರೆ ಇದೆ. ಈ ಕೆಲಸ ಮಾಡುವವರ ಸಂಘ, ನಾಸ್ಪಾ ಎಂದು ಕರೆಯುತ್ತಾರೆ, 1919ರಲ್ಲೇ ಹುಟ್ಟಿತು. 1937ರಲ್ಲಿ ಅಲ್ಲಿನ ಶಿಕ್ಷಣ ಮಂಡಳಿಯೊಂದು ಕಿರುಹೊತ್ತಿಗೆಯನ್ನು ಹೊರಡಿಸಿ, ವಿದ್ಯಾರ್ಥಿ ಎಂದರೆ ಪಾಠ ತುಂಬುವ ತಲೆಯಲ್ಲ, ಊಟ, ಆರೋಗ್ಯ, ಸ್ನೇಹ, ಚಿಂತೆ ಎಲ್ಲವೂ ಇರುವ ಇಡೀ ಮನುಷ್ಯ ಎಂದು ಹೇಳಿತು. ನಮ್ಮ ಹಾಸ್ಟೆಲಿನ ಅಡುಗೆಯವರು ಅದನ್ನು ಓದದೆಯೇ ತಿಳಿದುಕೊಂಡಿದ್ದರು, ಆ ಮಾತು ಬೇರೆ. ಅಲ್ಲಿ ಅದು ಪದವಿಯಾಯಿತು, ವೃತ್ತಿಯಾಯಿತು, ಬಡ್ತಿಯ ಏಣಿಯಾಯಿತು.

ನಮ್ಮಲ್ಲಿ ಆ ಏಣಿ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕಲ್ಯಾಣದ ಹೊಣೆ ಸಾಮಾನ್ಯವಾಗಿ ಯಾವುದೋ ವಿಭಾಗದ ಪ್ರಾಧ್ಯಾಪಕರ ಹೆಗಲಿಗೆ ಹೆಚ್ಚುವರಿ ಪ್ರಭಾರವಾಗಿ ಬೀಳುತ್ತದೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಮೌಲ್ಯಮಾಪನ, ನಡುವೆ ಹಾಸ್ಟೆಲಿನ ಗಲಾಟೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕಲ್ಯಾಣ ಡೀನ್ ಎಂಬ ಹುದ್ದೆಯೇ ಉಂಟು, ಅದಕ್ಕೆ ಬರುವವರೂ ಪ್ರಾಧ್ಯಾಪಕರೇ. ಹಾಗಾಗಿ ‘ಈ ಉದ್ಯೋಗಕ್ಕೆ ಅರ್ಜಿ ಎಲ್ಲಿ ಹಾಕಬೇಕು’ ಎಂದು ಕೇಳಿದರೆ ಮುಂಬಾಗಿಲು ತೋರಿಸಲು ನನ್ನಿಂದಾಗದು. ಪಕ್ಕದ ಬಾಗಿಲುಗಳನ್ನು ತೋರಿಸಬಲ್ಲೆ.

ಒಂದು ಬಾಗಿಲು ಅಧ್ಯಾಪನದ್ದು. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತು ಕೆಸೆಟ್ ಎರಡರಲ್ಲೂ ಸಮಾಜಕಾರ್ಯ ಒಂದು ವಿಷಯ. ಪಾಸಾಗಿ ಸಹಾಯಕ ಪ್ರಾಧ್ಯಾಪಕರಾದರೆ ಎನ್.ಎಸ್.ಎಸ್. ಕಾರ್ಯಕ್ರಮಾಧಿಕಾರಿ, ವಾರ್ಡನ್, ಕುಂದುಕೊರತೆ ಸಮಿತಿಯ ಸದಸ್ಯ ಎಂದು ಒಂದೊಂದೇ ಹೊಣೆ ಬರುತ್ತದೆ. ಬೇರೆಯವರು ತಪ್ಪಿಸಿಕೊಳ್ಳುವ ಹೊಣೆಗಳಾದ್ದರಿಂದ ನಿಮಗೆ ಪೈಪೋಟಿ ಇರುವುದಿಲ್ಲ. ಇನ್ನೊಂದು ಬಾಗಿಲು ಸರ್ಕಾರಿ ವಿದ್ಯಾರ್ಥಿ ನಿಲಯಗಳದ್ದು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಪರಿಶಿಷ್ಟ ವರ್ಗಗಳು, ಅಲ್ಪಸಂಖ್ಯಾತರು, ಈ ನಾಲ್ಕೂ ಇಲಾಖೆಗಳಿಗೆ ಮೆಟ್ರಿಕ್ ನಂತರದ ನಿಲಯಗಳಿವೆ, ಅವಕ್ಕೆ ನಿಲಯ ಪಾಲಕರು ಬೇಕು. ಅದು ಗ್ರೂಪ್ ಸಿ ಹುದ್ದೆ. ಅಧಿಸೂಚನೆ ಬಂದಾಗ ವಿದ್ಯಾರ್ಹತೆಯ ಸಾಲನ್ನು ಎರಡು ಸಲ ಓದಿ, ಇಲಾಖೆಯಿಂದ ಇಲಾಖೆಗೆ ಅದು ಬೇರೆಯಾಗುತ್ತದೆ. ಮೂರನೆಯದು ಖಾಸಗಿ ವಿಶ್ವವಿದ್ಯಾಲಯಗಳು ಮತ್ತು ಕೇಂದ್ರದ ಸಂಸ್ಥೆಗಳು. ವಿದ್ಯಾರ್ಥಿ ವ್ಯವಹಾರ ಅಧಿಕಾರಿ, ಹಾಸ್ಟೆಲ್ ವ್ಯವಸ್ಥಾಪಕ, ಆಪ್ತಸಮಾಲೋಚಕ ಎಂಬ ಹೆಸರಿನ ಹುದ್ದೆಗಳು ಅಲ್ಲಿ ಸಿಗುತ್ತವೆ. ಹೆಚ್ಚಿನವು ಗುತ್ತಿಗೆಯವು, ಇಂಗ್ಲಿಷ್ ಬರಹ ಚೆನ್ನಾಗಿರಬೇಕು. ಬೆಂಗಳೂರಿನ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಹೊರಡುವ ಮೊದಲೇ ಲೆಕ್ಕ ಹಾಕಿ.

ನೀವು ಕುರುಗೋಡಿನವರು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರೆಂದು ತೋರಿಸುವ ಪ್ರಮಾಣಪತ್ರ ಮಾಡಿಸಿದ್ದೀರಾ? ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಮತ್ತು ಬಿ ಹುದ್ದೆಗಳಲ್ಲಿ ಶೇ 75, ಸಿ ಹುದ್ದೆಗಳಲ್ಲಿ ಶೇ 80, ಡಿ ಹುದ್ದೆಗಳಲ್ಲಿ ಶೇ 85ರಷ್ಟು ನಮ್ಮವರಿಗೆ ಮೀಸಲು. ಆ ಪತ್ರಕ್ಕೆ ಸಹಿ ಹಾಕುವವರು ಉಪವಿಭಾಗಾಧಿಕಾರಿ. ಅರ್ಜಿಯ ಕೊನೆಯ ದಿನ ಅವರ ಕಚೇರಿಯ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತ ಎಷ್ಟೋ ಜಾಣ ಹುಡುಗರನ್ನು ನಾನು ಕಂಡಿದ್ದೇನೆ. ನಾಳೆಯೇ ಹೋಗಿ.

ಇನ್ನು ತಯಾರಿಯ ವಿಷಯ. ಇದಕ್ಕೆ ನಾನು ಒಂದು ಕಥೆ ಹೇಳಬೇಕು, ಕಥೆಯಲ್ಲಿ ದಡ್ಡಿ ನಾನೇ.

ವಿದ್ಯಾರ್ಥಿ ಕಲ್ಯಾಣದ ಹೊಣೆ ಹೊತ್ತ ಮೊದಲ ವರ್ಷ. ಸಂಡೂರು ಕಡೆಯ ಒಬ್ಬ ಹುಡುಗ ಎರಡು ತಿಂಗಳಲ್ಲಿ ನಾಲ್ಕು ಸಲ ನನ್ನ ಮೇಜಿನ ಮುಂದೆ ನಿಂತ. ವಿದ್ಯಾರ್ಥಿವೇತನ ಬಂದಿಲ್ಲ, ಶುಲ್ಕ ಬಾಕಿ, ಪರೀಕ್ಷೆ ಹತ್ತಿರ ಬಂತು. ನಾಲ್ಕು ಸಲವೂ ನಾನು ಅವನಿಗೆ ಧೈರ್ಯ ಹೇಳಿದೆ. ಒಂದು ಸಲ ಚಹಾ ಕುಡಿಸಿದೆ. ‘ಮೇಲಿನವರಿಗೆ ಬರೆದಿದ್ದೇನೆ, ಬರುತ್ತದೆ’ ಎಂದೆ. ಬರೆದದ್ದೂ ನಿಜವೇ. ಅವನು ಹೋದ ಮೇಲೆ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬರುತ್ತಿತ್ತು.

ಐದನೆಯ ಸಲ ಬಂದಾಗ, ಪಕ್ಕದ ಮೇಜಿನ ವಿಷಯ ನಿರ್ವಾಹಕರು ಕಡತದಿಂದ ತಲೆ ಎತ್ತದೆ ಕೇಳಿದರು: ‘ನಿನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಎಷ್ಟಿವೆ?’ ಎರಡು. ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ಒಂದು, ಕಾಲೇಜಿಗೆ ಸೇರಿದ ಮೇಲೆ ಇಲ್ಲಿ ಒಂದು. ‘ಆಧಾರ್ ಯಾವುದಕ್ಕೆ ಜೋಡಿಸಿದೆ?’ ಹುಡುಗನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ‘ಊರಿನ ಪಾಸ್‌ಬುಕ್ ತೆಗೆದುಕೊಂಡು ಬಾ’ ಎಂದರು.

ವಿಷಯ ಇಷ್ಟೇ. ನೇರ ನಗದು ವರ್ಗಾವಣೆಯ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ನಿಮ್ಮ ಆಧಾರ್ ಯಾವ ಬ್ಯಾಂಕಿನ ಜೊತೆ ಜೋಡಣೆಯಾಗಿದೆಯೋ, ರಾಷ್ಟ್ರೀಯ ಪಾವತಿ ನಿಗಮದ (ಎನ್.ಪಿ.ಸಿ.ಐ.) ದಾಖಲೆಯಲ್ಲಿ ಯಾವುದು ಇದೆಯೋ, ಅಲ್ಲಿಗೆ ಹೋಗುತ್ತದೆ. ಆ ಹುಡುಗ ಮರುದಿನ ಪಾಸ್‌ಬುಕ್ ತುಂಬಿಸಿಕೊಂಡು ಬಂದ. ಎರಡು ಕಂತು ಊರಿನ ಖಾತೆಯಲ್ಲಿ ತಣ್ಣಗೆ ಕುಳಿತಿದ್ದವು. ನಾನು ಚಹಾ ಕುಡಿಸಿದ ದಿನವೂ ಅಲ್ಲೇ ಇದ್ದವು.

ಅಂದಿನಿಂದ ನನ್ನ ಮೇಜಿಗೆ ಬಂದವರಿಗೆ ನಾನು ಸಮಾಧಾನ ಹೇಳುವ ಮೊದಲು ಕಾಗದ ಕೇಳತೊಡಗಿದೆ. ಒರಟು ಹೆಂಗಸು ಎಂದು ಹೆಸರಾಯಿತು. ಆಗಲಿ. ನಿಮಗೆ ಮನಸ್ಸು ಮೃದುವಾಗಿದೆ ಎಂದು ಪತ್ರದಲ್ಲೇ ಕಾಣುತ್ತದೆ, ಅದನ್ನು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ದುಡ್ಡು, ಕಾಗದ, ಸಹಿ ಇವು ಯಾವ ದಾರಿಯಲ್ಲಿ ನಡೆದು ಬರುತ್ತವೆ, ಎಲ್ಲಿ ಕಾಲು ಮುರಿದುಕೊಂಡು ಬೀಳುತ್ತವೆ ಎಂಬುದನ್ನು.

ಹಾಗಾಗಿ ಈ ಬೇಸಿಗೆಯಲ್ಲಿ ಒಂದು ದಿನ ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೇಗೆ ಹುಟ್ಟುತ್ತದೆ, ಅದರ ಮೇಲಿರುವ ಆರ್.ಡಿ. ಎಂಬ ಗುರುತಿನ ಸಂಖ್ಯೆ ವಿದ್ಯಾರ್ಥಿವೇತನದ ತಂತ್ರಾಂಶಕ್ಕೆ ಏಕೆ ಬೇಕು, ಅಂಕಪಟ್ಟಿಯಲ್ಲಿ ‘ಹೆಚ್’ ಇದ್ದು ಆಧಾರ್‌ನಲ್ಲಿ ‘ಎಚ್’ ಇದ್ದರೆ ಏನಾಗುತ್ತದೆ, ಇವನ್ನು ಕಣ್ಣಾರೆ ನೋಡಿ. ಆಮೇಲೆ ನಿಮ್ಮ ಕಿರಿಯರ ಇಪ್ಪತ್ತು ಅರ್ಜಿಗಳನ್ನು ಮೊದಲಿನಿಂದ ಕೊನೆಯವರೆಗೆ, ಎಂದರೆ ದುಡ್ಡು ಖಾತೆಗೆ ಬೀಳುವವರೆಗೆ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಹಿಂಬಾಲಿಸಿ. ಹಿಂದುಳಿದ ವರ್ಗಗಳ ಹುಡುಗರಿಗೆ ವಿದ್ಯಾಸಿರಿ ಗೊತ್ತಿರಬೇಕು. ಹಾಸ್ಟೆಲ್ ಸಿಗದವರ ಊಟ ವಸತಿಗೆ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಅದು ಶುರುವಾಯಿತು. ಹಾಸ್ಟೆಲಿನ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಚೀಲ ಹಿಡಿದು ಊರಿಗೆ ಹೊರಟ ಹುಡುಗನನ್ನು ಬಸ್ ನಿಲ್ದಾಣದಿಂದ ವಾಪಸ್ ಕರೆಯಲು ಇಷ್ಟು ತಿಳಿದಿದ್ದರೆ ಸಾಕು.

ಓದಬೇಕಾದದ್ದೂ ಇದೆ, ಬಹಳವಲ್ಲ. ರ‍್ಯಾಗಿಂಗ್ ತಡೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ಮಾಡಿದ ನಿಯಮ ಓದಿ: ದೂರು ಅಪರಾಧದ ಮಟ್ಟದ್ದಾದರೆ 24 ಗಂಟೆಗಳೊಳಗೆ ಪೊಲೀಸರಲ್ಲಿ ಎಫ್.ಐ.ಆರ್. ಆಗಬೇಕು, ‘ನಮ್ಮ ನಮ್ಮಲ್ಲೇ ಮುಗಿಸಿಕೊಳ್ಳೋಣ’ ಎನ್ನಲು ಅಲ್ಲಿ ಜಾಗವಿಲ್ಲ. 2023ರ ಕುಂದುಕೊರತೆ ನಿಯಮ ಓದಿ: ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದು ಒಪ್ಪಿಗೆಯಾಗದ ವಿದ್ಯಾರ್ಥಿ ಇನ್ನು 15 ದಿನಗಳಲ್ಲಿ ಮೇಲ್ಮನವಿ ಕೇಳುವ ಒಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಲೈಂಗಿಕ ಕಿರುಕುಳದ ಬಗ್ಗೆ 2013ರ ಕಾಯ್ದೆ, ಅದರ ಮೇಲೆ ಯುಜಿಸಿಯ 2015ರ ನಿಯಮ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಎಂಬುದು ನಿಮಗೆ ನಿದ್ದೆಗಣ್ಣಿನಲ್ಲೂ ನೆನಪಿರಬೇಕು, ಏಕೆಂದರೆ ಹುಡುಗಿಯರು ಎರಡೂವರೆ ತಿಂಗಳು ಯೋಚಿಸಿಯೇ ಬಾಗಿಲು ತಟ್ಟುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ನೆರವು ಬೇಕಾದ ವಿದ್ಯಾರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಸಿಗಬೇಕೆಂದು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ಹೇಳುವವರು ಯಾರಾದರೂ ಇರಬೇಕಲ್ಲ, ಆ ಯಾರಾದರೂ ನೀವು.

ಬರೆಯುವುದು ಕಲಿಯಿರಿ. ಕವಿತೆಯಲ್ಲ, ಟಿಪ್ಪಣಿ. ಹಾಸ್ಟೆಲಿನ ನೀರಿನ ಬಗ್ಗೆ ನನಗೆ ಬರುತ್ತಿದ್ದ ಮನವಿಗಳಲ್ಲಿ ಹೆಚ್ಚಿನವು ಹೀಗಿರುತ್ತಿದ್ದವು: ‘ನೀರಿನ ತೊಂದರೆ ಬಹಳ ಇದ್ದು, ದಯಮಾಡಿ ಸರಿಪಡಿಸಬೇಕಾಗಿ ವಿನಂತಿ.’ ಅವು ಹೋದ ದಾರಿಯಲ್ಲೇ ಮಲಗುತ್ತಿದ್ದವು. ಒಬ್ಬ ಎರಡನೇ ವರ್ಷದ ಹುಡುಗಿ ಮಾತ್ರ ಬೇರೆ ರೀತಿ ಬರೆದಳು: ಏಪ್ರಿಲ್ 4ರಿಂದ 11ರವರೆಗಿನ ಎಂಟು ದಿನಗಳಲ್ಲಿ ಮೇಲಿನ ಮಹಡಿಗೆ ಮೂರು ದಿನ ನೀರು ಬಂದಿದೆ, ಅಲ್ಲಿ 46 ಮಂದಿ ಇದ್ದೇವೆ, ಮೋಟರ್ ದುರಸ್ತಿ ಕೋರಿ ಮಾರ್ಚ್ 20ರಂದು ಕೊಟ್ಟ ಪತ್ರದ ಪ್ರತಿ ಲಗತ್ತಿಸಿದೆ. ಆ ಕಾಗದವನ್ನು ಬದಿಗೆ ಸರಿಸಲು ಯಾರ ಕೈಯಿಗೂ ಧೈರ್ಯ ಬರಲಿಲ್ಲ. ಬಳ್ಳಾರಿಯ ಏಪ್ರಿಲ್ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆರನೇ ದಿನ ಹೊಸ ಮೋಟರ್ ಬಂತು.

ಭಾಷೆಯ ಮಾತು ಸೇರಿಸುತ್ತೇನೆ. ನಮ್ಮ ಸೀಮೆಯಲ್ಲಿ ಪೋಷಕರು ತೆಲುಗಿನಲ್ಲಿ ಅಳುತ್ತಾರೆ, ಉರ್ದುವಿನಲ್ಲಿ ಬೈಯುತ್ತಾರೆ, ಲಂಬಾಣಿಯಲ್ಲಿ ತಮ್ಮತಮ್ಮೊಳಗೆ ಮಾತಾಡಿಕೊಂಡು ಕನ್ನಡದಲ್ಲಿ ‘ಏನಿಲ್ಲ ಮೇಡಂ’ ಎನ್ನುತ್ತಾರೆ. ಮೂರರಲ್ಲಿ ಒಂದಾದರೂ ಕಿವಿಗೆ ಹಾಕಿಕೊಳ್ಳಿ. ಮೊದಲ ಬಸ್ಸಿಗೆ ಬಂದು ಹತ್ತೂವರೆಯವರೆಗೆ ಕಚೇರಿಯ ಹೊರಗೆ ಚಪ್ಪಲಿ ಬಿಟ್ಟು ನಿಂತಿರುವ ತಂದೆಯನ್ನು ಮೊದಲು ಒಳಗೆ ಕರೆಯಿರಿ. 2010ಕ್ಕೆ ಮುಂಚೆ, ಇಲ್ಲಿನದು ಇನ್ನೂ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಾಗಿದ್ದಾಗ, ಅಂಕಪಟ್ಟಿಯಲ್ಲಿ ಒಂದಕ್ಷರ ತಿದ್ದಿಸಲು ಒಂದು ರಾತ್ರಿ ಬಸ್ಸು, ಒಂದು ಹಗಲು ಕಚೇರಿ, ಮತ್ತೊಂದು ರಾತ್ರಿ ಬಸ್ಸು ಆಗುತ್ತಿತ್ತು. ವಿಶ್ವವಿದ್ಯಾಲಯ ಊರಿಗೇ ಬಂದ ಮೇಲೆ ದಾರಿ ಕಡಿಮೆಯಾಯಿತು, ಹೊರಗೆ ನಿಲ್ಲುವುದು ಅಷ್ಟಾಗಿ ಕಡಿಮೆಯಾಗಲಿಲ್ಲ.

ಕೊನೆಗೊಂದು, ಇದು ನನಗೆ ದುಬಾರಿಯಾದ ಪಾಠ. ಒಬ್ಬ ವಿದ್ಯಾರ್ಥಿನಿ ‘ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ’ ಎಂದಳು, ನಾನು ಕೊಟ್ಟೆ. ಅವಳು ಹೇಳಿದ್ದು ಹಿರಿಯ ವಿದ್ಯಾರ್ಥಿನಿಯರು ರಾತ್ರಿ ಕೊಟ್ಟ ಹಿಂಸೆಯ ವಿಷಯ. ಅದನ್ನು ಮುಚ್ಚಿಟ್ಟರೆ ನಾನೂ ತಪ್ಪಿತಸ್ಥೆ, ಹೇಳಿದರೆ ಮಾತಿಗೆ ತಪ್ಪಿದವಳು. ಹೇಳಿದೆ. ಹೇಳಲೇಬೇಕಿತ್ತು. ಆ ಹುಡುಗಿ ಪದವಿ ಮುಗಿಸುವವರೆಗೆ ನನ್ನ ಮುಖ ನೋಡಲಿಲ್ಲ. ಆಮೇಲೆ ನಾನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದೆ: ‘ಕೇಳುತ್ತೇನೆ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಇಲ್ಲವೇ ಕಾನೂನು ಕೇಳಿದರೆ, ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ.’ ಕೆಲವರು ಎದ್ದು ಹೋದರು. ಅವರಲ್ಲಿ ಹೆಚ್ಚಿನವರು ಎರಡು ದಿನ ಬಿಟ್ಟು ವಾಪಸ್ ಬಂದರು.

ಪ್ರಶ್ನೆ: ನಾನು ರಾಯಚೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ವಿದ್ಯಾರ್ಥಿ ಸಂಯೋಜಕಿ. ವಯಸ್ಸು 26. ಹಾಜರಾತಿ ನೋಡುವುದು, ಪೋಷಕರಿಗೆ ಫೋನ್ ಮಾಡುವುದು ನನ್ನ ಕೆಲಸ. ಆದರೆ ವಿದ್ಯಾರ್ಥಿಗಳು ಮನೆಯ ಕಷ್ಟ, ಪ್ರೀತಿ, ಸಾಲ ಎಲ್ಲವನ್ನೂ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಕಳೆದ ತಿಂಗಳು ಒಬ್ಬ ಹುಡುಗ ರಾತ್ರಿ ಹನ್ನೊಂದೂವರೆಗೆ ‘ಬದುಕಿ ಏನು ಪ್ರಯೋಜನ’ ಎಂದು ಸಂದೇಶ ಕಳಿಸಿದ. ಬೆಳಗಿನವರೆಗೆ ಮಾತಾಡಿಸಿದೆ. ಈಗ ಅವನು ಸರಿಯಾಗಿದ್ದಾನೆ, ನನಗೆ ನಿದ್ದೆ ಬರುತ್ತಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ?

ಉತ್ತರ: ತಂಗಿ, ಆ ರಾತ್ರಿ ನೀವು ಫೋನ್ ಎತ್ತಿದಿರಲ್ಲ, ಅದಕ್ಕೆ ಮೊದಲು ಕೈ ಮುಗಿಯುತ್ತೇನೆ. ಇನ್ನೊಮ್ಮೆ ಅಂಥ ರಾತ್ರಿ ಬಂದರೆ ಒಬ್ಬರೇ ಬೆಳಗು ಮಾಡಬೇಡಿ.

ಮಾಡಬೇಕಾದದ್ದು ಹೀಗೆ. ಸುತ್ತಿ ಬಳಸದೆ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯಾ?’ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಯಾರೋ ಕೇಳಿದರು ಎಂಬುದೇ ಹಲವರಿಗೆ ಉಸಿರು ಬಿಟ್ಟಂತಾಗುತ್ತದೆ. ಹೌದು ಎಂದರೆ, ಅವನ ಕೋಣೆಯಲ್ಲಿ ಒಬ್ಬರು ಜೊತೆಗಿರುವಂತೆ ನೋಡಿಕೊಳ್ಳಿ. ಗೆಳೆಯನಾಗಲಿ ವಾರ್ಡನ್ ಆಗಲಿ, ಅವನು ಒಂಟಿಯಾಗಿರಬಾರದು. ನಿಮ್ಮ ಮೇಲಿನವರಿಗೆ ಅದೇ ರಾತ್ರಿ ತಿಳಿಸಿ, ಅವರ ನಿದ್ದೆಯ ಬಗ್ಗೆ ಸಂಕೋಚ ಬೇಡ. ಮನೆಯವರಲ್ಲಿ ಯಾರಿಗೆ ಹೇಳಿದರೆ ಅನುಕೂಲ ಎಂದು ಅವನನ್ನೇ ಕೇಳಿ, ಕೆಲವು ಮನೆಗಳಲ್ಲಿ ತಂದೆಗಿಂತ ಸೋದರಮಾವ ವಾಸಿ. ಮರುದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಅಪಾಯ ಕಣ್ಣೆದುರೇ ಇದೆ ಎನಿಸಿದರೆ ಮರುದಿನಕ್ಕೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ. ನಡುರಾತ್ರಿಯಲ್ಲಿ ನಿಮಗೇ ದಿಕ್ಕು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಅದು, 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗನೇ ಮಾಡಬೇಕೆಂದಿಲ್ಲ, ಅವನ ಬಗ್ಗೆ ಚಿಂತೆಯಲ್ಲಿರುವ ನೀವೂ ಮಾಡಬಹುದು. ನಿದ್ದೆ ಬಾರದ ನಿಮಗಾಗಿಯೂ ಮಾಡಬಹುದು, ಅದನ್ನು ಈ ವಾರವೇ ಮಾಡಿ.

‘ನಮ್ಮ ಕಡೆ ಜನ ಮನೋವೈದ್ಯರೆಂದರೆ ಹೆದರುತ್ತಾರೆ’ ಎಂದು ನೀವು ಹೇಳಬಹುದು. ಒಂದು ಸಂಗತಿ ತಿಳಿದಿರಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಿಮ್ಮ ಪಕ್ಕದ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಮದ್ದು ಸಿಗುವಂತೆ ಮಾಡಿ ನೋಡಿದರು. ‘ಬಳ್ಳಾರಿ ಮಾದರಿ’ ಎಂದು ಅದಕ್ಕೆ ಹೆಸರಾಯಿತು. ಅದನ್ನೇ ನೋಡಿ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೆ ಹಬ್ಬಿಸಿತು. ಗಣಿ ಮತ್ತು ಬಿಸಿಲಿಗೆ ಮಾತ್ರ ಹೆಸರಾದ ಊರು ಎಂದು ಯಾರಾದರೂ ಅಂದರೆ ನಾನು ಈ ಮಾತು ತೆಗೆಯುತ್ತೇನೆ.

ಲಾಯಕ್ಕೇ ಎಂದು ಕೇಳಿದಿರಿ. ನೀವು ಆಪ್ತಸಮಾಲೋಚಕಿಯಲ್ಲ, ಸಂಯೋಜಕಿ. ಜ್ವರ ಬಂದವನನ್ನು ನೀವು ಆಸ್ಪತ್ರೆಗೆ ಕಳಿಸುತ್ತೀರಿ, ಚುಚ್ಚುಮದ್ದು ಕೊಡುವುದಿಲ್ಲ, ಇಲ್ಲೂ ಹಾಗೆಯೇ. ನಿಮ್ಮ ಸ್ವಂತ ಮೊಬೈಲ್ ಸಂಖ್ಯೆ ಎಲ್ಲರ ಬಳಿ ಇದೆ ಎಂದು ಊಹಿಸುತ್ತೇನೆ. ಸಂಸ್ಥೆಯಿಂದ ಬೇರೊಂದು ಸಂಖ್ಯೆ ಪಡೆಯಿರಿ, ರಾತ್ರಿ ಎಂಟರ ಮೇಲೆ ಅದು ಸರದಿಯಂತೆ ವಾರ್ಡನ್‌ಗಳ ಕೈಯಲ್ಲಿರಲಿ, ಆ ಸರದಿಯ ಪಟ್ಟಿ ಹಾಸ್ಟೆಲಿನ ಗೋಡೆಯ ಮೇಲಿರಲಿ. ಒಬ್ಬರ ಮೊಬೈಲಿನ ಮೇಲೆ ನಿಂತ ವ್ಯವಸ್ಥೆ ಆ ಮೊಬೈಲಿನ ಬ್ಯಾಟರಿ ಇರುವವರೆಗೆ ಮಾತ್ರ. ಫಲಿತಾಂಶ ಬರುವ ದಿನ ಮತ್ತು ಅದರ ಮಾರನೆಯ ದಿನ ಹೆಚ್ಚು ಎಚ್ಚರವಿರಲಿ. ಆ ಎರಡು ದಿನ ನಾನು ರಜೆ ಹಾಕುತ್ತಿರಲಿಲ್ಲ.

ಸಮಾಲೋಚನೆಯನ್ನು ಸರಿಯಾಗಿ ಕಲಿಯುವ ಆಸೆ ಇದ್ದರೆ ಮಾನ್ಯತೆಯಿರುವ ವಿಶ್ವವಿದ್ಯಾಲಯದಲ್ಲಿ ಸಮಾಲೋಚನೆಯ ಸ್ನಾತಕೋತ್ತರ ಡಿಪ್ಲೊಮಾ ಓದಬಹುದು. ಅದನ್ನು ಮುಗಿಸಿದರೂ ನೀವು ವೈದ್ಯರಾಗುವುದಿಲ್ಲ. ಯಾವಾಗ ವೈದ್ಯರ ಬಳಿ ಕಳಿಸಬೇಕು ಎಂಬುದು ಮಾತ್ರ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ಅಮ್ಮನವರೇ, ನಾನು ಕೊಪ್ಪಳ ಜಿಲ್ಲೆಯ ರೈತ. ಮಗಳು ಡಿಗ್ರಿ ಮುಗಿಸಿ ಹಾಸ್ಟೆಲ್ ವಾರ್ಡನ್ ಪರೀಕ್ಷೆಗೆ ಓದುತ್ತಿದ್ದಾಳೆ. ಬೇರೆ ಹೆಣ್ಣುಮಕ್ಕಳು ಟೀಚರ್ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಮನೆಗೆ ಬರುತ್ತಾರೆ. ಇದು ರಾತ್ರಿ ಹಗಲಿನ ಕೆಲಸವಂತೆ. ಮದುವೆಗೂ ತೊಂದರೆಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಬೇಡ ಎನ್ನಲೇ?

ಉತ್ತರ: ಬೇಡ ಎನ್ನಬೇಡಿ ಯಜಮಾನರೇ. ನೀವು ಬೇಡ ಎಂದರೆ ಅವಳು ಓದುವುದನ್ನು ಬಿಡುವುದಿಲ್ಲ, ನಿಮ್ಮ ಹತ್ತಿರ ಹೇಳುವುದನ್ನು ಬಿಡುತ್ತಾಳೆ.

ಕೆಲಸ ಕಷ್ಟದ್ದೇ, ಮುಚ್ಚಿಡುವುದಿಲ್ಲ. ಅಕ್ಕಿ ಬೇಳೆಯ ದಾಸ್ತಾನು ವಹಿಯಲ್ಲಿ ಒಂದು ಕಿಲೋ ಹೆಚ್ಚು ಕಡಿಮೆಯಾದರೆ ಉತ್ತರ ಕೊಡಬೇಕು. ತರಕಾರಿ ಗುತ್ತಿಗೆದಾರ ಮೊದಲ ತಿಂಗಳೇ ಅವಳನ್ನು ಅಳೆದು ನೋಡುತ್ತಾನೆ. ಹಬ್ಬಕ್ಕೆ ಎಲ್ಲ ಹುಡುಗಿಯರೂ ಊರಿಗೆ ಹೋದ ಮೇಲೆ, ಹೋಗಲು ಮನೆಯಿಲ್ಲದ ಇಬ್ಬರು ಉಳಿದುಕೊಳ್ಳುತ್ತಾರೆ, ಅವರಿಗೆ ಹೋಳಿಗೆ ಇವಳೇ ಮಾಡಬೇಕಾಗುತ್ತದೆ. ನಾನು ಹನ್ನೊಂದು ದೀಪಾವಳಿಗಳಲ್ಲಿ ಏಳನ್ನು ಹಾಸ್ಟೆಲಿನಲ್ಲೇ ಮಾಡಿದೆ, ನಮ್ಮ ಯಜಮಾನರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಬರುತ್ತಿದ್ದರು. ಮದುವೆಗೆ ಅದರಿಂದ ತೊಂದರೆ ಆಗಲಿಲ್ಲ. ಮಕ್ಕಳಿಗೆ ಮಾತ್ರ ನಲವತ್ತು ಜನ ಅಕ್ಕಂದಿರಾದರು.

ನಿಮ್ಮಿಂದ ಆಗಬೇಕಾದದ್ದು ಎರಡಿದೆ. ಒಂದು, ಅವಳಿಗೆ ಕೆಲಸ ಸಿಕ್ಕ ಊರಿಗೆ ನೀವೇ ಒಮ್ಮೆ ಹೋಗಿ ಬನ್ನಿ. ಆವರಣಕ್ಕೆ ಗೋಡೆ ಇದೆಯೇ, ಗೇಟಿಗೆ ರಾತ್ರಿ ಕಾವಲುಗಾರರಿದ್ದಾರೆಯೇ, ಪೊಲೀಸ್ ಠಾಣೆ ಎಷ್ಟು ದೂರ ಎಂದು ನೋಡಿ. ಇಲ್ಲದಿದ್ದರೆ ಏನು ಬರೆಯಬೇಕು ಎಂದು ಅವಳಿಗೆ ಹೇಳಿ, ಮೇಲಿನ ಉತ್ತರದಲ್ಲಿ ನೀರಿನ ಬಗ್ಗೆ ಬರೆದ ಹುಡುಗಿಯಂತೆ, ದಿನಾಂಕ ಹಾಕಿ. ಇನ್ನೊಂದು, ಕೊಪ್ಪಳದ ಪೇಟೆಯಲ್ಲಿ ಅವಳಿಗೊಂದು ಒಳ್ಳೆಯ ಟಾರ್ಚ್ ಕೊಡಿಸಿ. ರಾತ್ರಿ ಕರೆಂಟ್ ಹೋದಾಗ ಮೊದಲು ಹತ್ತಬೇಕಾದದ್ದು ಮೇಲಿನ ನೀರಿನ ತೊಟ್ಟಿಗೆ, ಮೊಬೈಲಿನ ಬೆಳಕು ಅದರ ತಳ ಮುಟ್ಟುವುದಿಲ್ಲ.